ಏಳು ಎಕರೆಗೆ ಬಿದ್ದ ಮತ: ಸಿಯಾಟಲ್‌ನ ಪೈಕ್ ಪ್ಲೇಸ್ ಮಾರ್ಕೆಟ್ ಉಳಿದ ಬಗೆ

1971ರ ನವೆಂಬರ್ 2ರಂದು ಸಿಯಾಟಲ್‌ನ ಮತದಾರರು ಒಂದು ತರಕಾರಿ ಮಾರುಕಟ್ಟೆಯ ಹಣೆಬರಹ ಬರೆದರು. ಉಳಿಸಿ ಎಂದವರು 76,369, ಬೇಡ ಎಂದವರು 53,264. ಇದೇನು ಅಂಥ ದೊಡ್ಡ ವಿಷಯ ಅನ್ನಿಸಬಹುದು. ಆದರೆ ಆ ವರ್ಷ ಊರು ಎಂಥ ಸ್ಥಿತಿಯಲ್ಲಿತ್ತು ನೋಡಿ. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬೋಯಿಂಗ್ ಕಂಪನಿ ಒಂದು ಲಕ್ಷದ ಆಸುಪಾಸಿನಲ್ಲಿದ್ದ ಕೆಲಸಗಾರರನ್ನು ಮೂರು ನಾಲ್ಕು ವರ್ಷದೊಳಗೆ 40 ಸಾವಿರಕ್ಕೂ ಕಡಿಮೆಗೆ ಇಳಿಸಿತ್ತು. ವಿಮಾನ ನಿಲ್ದಾಣದ ಹತ್ತಿರ ಇಬ್ಬರು ರಿಯಲ್ ಎಸ್ಟೇಟ್ ಏಜೆಂಟರು ತಮಾಷೆಗೆಂದು ಒಂದು ಫಲಕ ನಿಲ್ಲಿಸಿದ್ದರು: ಸಿಯಾಟಲ್ ಬಿಟ್ಟು ಹೋಗುವ ಕೊನೆಯವರು ದೀಪ ಆರಿಸಿ ಹೋಗಿ. ಅಂಥ ಹೊತ್ತಿನಲ್ಲಿ ನಗರಾಡಳಿತ ಕೇಂದ್ರ ಸರ್ಕಾರದ ದುಡ್ಡು ತಂದು, ಹಳೇ ಮಾರುಕಟ್ಟೆಯ ಜಾಗದಲ್ಲಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿ, ನೂರಾರು ಜನಕ್ಕೆ ಕೆಲಸ ಕೊಡುತ್ತೇವೆ ಎನ್ನುತ್ತಿತ್ತು. ಜನ ಒಪ್ಪಲಿಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಹಟವಾದಿ ಪ್ರೊಫೆಸರ್ ನಗರಸಭೆಯನ್ನು ಮಣಿಸಿದ ಕಥೆಯಾಗಿ ಹೇಳುತ್ತಾರೆ. ಹೇಳಲು ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಅದರ ಹಿಂದಿನ ಮೂವತ್ತು ವರ್ಷ ಮತ್ತು ಮುಂದಿನ ಮೂವತ್ತು ವರ್ಷ ಎರಡನ್ನೂ ಬಿಟ್ಟರೆ ಮಾರುಕಟ್ಟೆ ಏಕೆ ಸಾಯುತ್ತಿತ್ತು, ಹೇಗೆ ಬದುಕಿತು ಎಂಬುದೇ ತಿಳಿಯುವುದಿಲ್ಲ.

ಮೊದಲು ಜಾಗದ ಬಗ್ಗೆ. ಎಲಿಯಟ್ ಕೊಲ್ಲಿಯ ಮೇಲೆ ದಡ ಕಡಿದಾಗಿ ಏರುತ್ತದೆ. ಆ ಏರಿನ ಅಂಚಿಗೆ ಮಾರುಕಟ್ಟೆ ನೇತುಬಿದ್ದಂತಿದೆ. ಪೈಕ್ ಪ್ಲೇಸ್ ಎಂಬ ಇಟ್ಟಿಗೆ ಹಾಸಿನ ಬೀದಿಯಿಂದ ನೋಡಿದರೆ ಒಂದಂತಸ್ತಿನ ಉದ್ದನೆಯ ಪಡಸಾಲೆ. ಒಳಹೊಕ್ಕು ಮೆಟ್ಟಿಲಿಳಿದರೆ ಕೆಳಗೆ ಮತ್ತೊಂದು ಅಂತಸ್ತು, ಅದರ ಕೆಳಗೆ ಇನ್ನೊಂದು, ಮರದ ಇಳಿಜಾರು ಓಣಿಗಳು, ಎಲ್ಲಿಂದಲೋ ಎಲ್ಲಿಗೋ ತೆರೆದುಕೊಳ್ಳುವ ಬಾಗಿಲುಗಳು. ಶಿಲ್ಪಸೌಂದರ್ಯದ ದೃಷ್ಟಿಯಿಂದ ಹೊಗಳುವಂಥದ್ದು ಇಲ್ಲಿ ಬಹಳ ಇಲ್ಲ. ಕ್ಲಾಂಡೈಕ್ ಚಿನ್ನದ ಬೇಟೆಯಿಂದ ಮರಳಿದ ಫ್ರಾಂಕ್ ಗುಡ್‌ವಿನ್ ಮತ್ತು ಅವನ ಸಹೋದರರು ವ್ಯಾಪಾರ ಬೆಳೆದಂತೆಲ್ಲ ಜಾಗ ಸಿಕ್ಕ ಕಡೆ ಕಟ್ಟಿಸುತ್ತ ಹೋದದ್ದು. ಪಾರಂಪರಿಕ ಕಟ್ಟಡ ಎಂದರೆ ಕಂಬ, ಕಮಾನು, ಗೋಪುರ ಹುಡುಕುವವರಿಗೆ ಇಲ್ಲಿ ನಿರಾಸೆಯೇ.

ಮಾರುಕಟ್ಟೆ ಹುಟ್ಟಿದ್ದು ಈರುಳ್ಳಿಯಿಂದ. 1906ರಿಂದ 1907ರ ನಡುವೆ ಸಿಯಾಟಲ್‌ನಲ್ಲಿ ಈರುಳ್ಳಿ ಬೆಲೆ ಹತ್ತು ಪಟ್ಟಾಯಿತು. ರೈತ ತಂದ ಮಾಲನ್ನು ವೆಸ್ಟರ್ನ್ ಅವೆನ್ಯೂದ ದಲ್ಲಾಳಿಗಳು ತೆಗೆದುಕೊಂಡು, ಮಾರಾಟವಾದ ಮೇಲೆ ಕಮಿಷನ್ ಮುರಿದುಕೊಂಡು ಕೊಟ್ಟಷ್ಟು ಕೊಡುತ್ತಿದ್ದರು. ಕೆಲವೊಮ್ಮೆ ಮಾಲು ಕೊಳೆಯಿತು ಎಂದು ಏನೂ ಕೊಡುತ್ತಿರಲಿಲ್ಲ. ಇತ್ತ ಗೃಹಿಣಿ ದುಬಾರಿ ಬೆಲೆ ತೆರುತ್ತಿದ್ದಳು, ಅತ್ತ ರೈತನ ಕೈ ಖಾಲಿ. ನಮ್ಮ ಎಪಿಎಂಸಿ ಯಾರ್ಡಿನ ವ್ಯವಹಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಥಾಮಸ್ ರೆವೆಲ್ ಎಂಬ ನಗರಸಭಾ ಸದಸ್ಯ, ಸಾರ್ವಜನಿಕ ಮಾರುಕಟ್ಟೆಗೆ ಅವಕಾಶ ಕೊಡುವ 1896ರ ಹಳೆಯ ಕಾನೂನೊಂದನ್ನು ಹೊರತೆಗೆದು, ರೈತರು ನೇರವಾಗಿ ಮಾರಲಿ ಎಂದು ಒತ್ತಾಯಿಸಿದ. 1907ರ ಆಗಸ್ಟ್ 17, ಶನಿವಾರ, ಬೆರಳೆಣಿಕೆಯಷ್ಟು ರೈತರ ಗಾಡಿಗಳು ಬಂದವು, ಕೊಳ್ಳಲು ಸಾವಿರಾರು ಜನ ಮುಗಿಬಿದ್ದರು. ಮಧ್ಯಾಹ್ನದೊಳಗೆ ಗಾಡಿಗಳೆಲ್ಲ ಬರಿದು. ಅದೇ ನವೆಂಬರ್ ಹೊತ್ತಿಗೆ ಗುಡ್‌ವಿನ್ ಸಹೋದರರು ಕಟ್ಟಿಸಿದ ಮೊದಲ ಪಡಸಾಲೆ ತೆರೆಯಿತು.

ಮುಂದಿನ ಮೂರು ದಶಕ ಮಾರುಕಟ್ಟೆಯ ಸುಗ್ಗಿ. ಇಟಲಿಯಿಂದ ಬಂದವರು, ಟರ್ಕಿ ಮತ್ತು ಗ್ರೀಸ್ ಕಡೆಯಿಂದ ಬಂದ ಸೆಫಾರ್ಡಿ ಯಹೂದಿಗಳು, ಫಿಲಿಪೀನ್ಸಿನವರು, ಎಲ್ಲರಿಗಿಂತ ಹೆಚ್ಚಾಗಿ ಜಪಾನೀಯರು ಇಲ್ಲಿ ಮಾರುತ್ತಿದ್ದರು. ಜಪಾನಿನಿಂದ ಬಂದವರಿಗೆ ಆಗ ಪೌರತ್ವ ಸಿಗುವಂತಿರಲಿಲ್ಲ. 1921ರ ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಪೌರತ್ವ ಸಿಗದವರು ಜಮೀನು ಕೊಳ್ಳುವಂತಿರಲಿಲ್ಲ, ಗುತ್ತಿಗೆಗೆ ಪಡೆಯಲೂ ಅಡ್ಡಿ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಹೇಗೋ ಹೊಂದಿಸಿಕೊಂಡು ಅವರು ಕಣಿವೆಗಳಲ್ಲಿ ಲೆಟ್ಯೂಸ್, ಬಟಾಣಿ, ಸ್ಟ್ರಾಬೆರಿ ಬೆಳೆದರು. ಇವತ್ತು ನಮ್ಮ ಕನ್ನಡದ ಎಂಜಿನಿಯರುಗಳು ಸಾಲ ಮಾಡಿ ಮನೆ ಕೊಳ್ಳುವ ಬೆಲ್‌ವ್ಯೂ ಆಗ ಜಪಾನಿ ರೈತರ ಸ್ಟ್ರಾಬೆರಿ ಹೊಲಗಳ ಊರು. ಅಲ್ಲಿ ವರ್ಷವರ್ಷ ಸ್ಟ್ರಾಬೆರಿ ಜಾತ್ರೆ ನಡೆಯುತ್ತಿತ್ತು.

ಜಪಾನಿನೊಂದಿಗೆ ಯುದ್ಧ ಶುರುವಾಗಿತ್ತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, ಅಲ್ಲೇ ಹುಟ್ಟಿದ ಪೌರರನ್ನೂ ಸೇರಿಸಿ, ಎತ್ತಂಗಡಿ ಮಾಡಲಾಯಿತು. ಸಿಯಾಟಲ್‌ನವರಲ್ಲಿ ಹೆಚ್ಚಿನವರನ್ನು ಮೊದಲು ಪುಯಾಲಪ್‌ನ ಜಾತ್ರೆ ಮೈದಾನಕ್ಕೆ, ಅಲ್ಲಿಂದ ಇಡಾಹೋದ ಮಿನಿಡೋಕ ಶಿಬಿರಕ್ಕೆ ಸಾಗಿಸಿದರು. ಪೈಕ್ ಪ್ಲೇಸ್‌ನ ರೈತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜಪಾನಿ ಮೂಲದವರಾಗಿದ್ದರು. ಒಂದೇ ವಸಂತದಲ್ಲಿ ಅವರ ಮಾರುಕಟ್ಟೆ ಮಣೆಗಳು ಖಾಲಿಯಾದವು. ಯುದ್ಧಕ್ಕೆ ಮುಂಚೆ ಐನೂರರಷ್ಟಿದ್ದ ರೈತರ ಪರವಾನಗಿಗಳು 1940ರ ದಶಕ ಮುಗಿಯುವ ಹೊತ್ತಿಗೆ ಐವತ್ತರ ಆಸುಪಾಸಿಗೆ ಬಂದವು. ಹಿಂತಿರುಗಿದ ಕೆಲವರಿಗೆ ಹೊಲವೂ ಉಳಿದಿರಲಿಲ್ಲ. ಮಾರುಕಟ್ಟೆಯ ಮುಖ್ಯ ಪ್ರವೇಶದಲ್ಲಿ ತಲೆಯೆತ್ತಿ ನೋಡಿದರೆ ಅಕಿ ಸೊಗಾಬೆ ಎಂಬ ಕಲಾವಿದೆಯ ಐದು ಫಲಕಗಳ ಚಿತ್ರವಿದೆ, ಕಾಗದ ಕತ್ತರಿಸಿ ಮಾಡುವ ಜಪಾನಿ ಕಲೆಯ ಮಾದರಿಯಲ್ಲಿ. ಕಾಡು ಕಡಿದು ಹೊಲ ಮಾಡಿದ್ದು, ಬೆಳೆದದ್ದು, ಮಾರಿದ್ದು, ಆಮೇಲೆ ಯಾರೂ ಇಲ್ಲದ್ದು. ಕೆಳಗೆ ಮೀನು ಎಸೆಯುವುದನ್ನು ಮೊಬೈಲಿನಲ್ಲಿ ಹಿಡಿಯುವ ಗಡಿಬಿಡಿಯಲ್ಲಿ ಅದನ್ನು ಗಮನಿಸುವವರು ಕಡಿಮೆ.

ಈ ಭಾಗವನ್ನು ಇಷ್ಟು ಹೇಳಲು ಕಾರಣವಿದೆ. 1960ರ ದಶಕದಲ್ಲಿ ಮಾರುಕಟ್ಟೆ ಕೆಡವಬೇಕು ಎಂದವರ ವಾದ ಒಂದೇ: ಇದು ತಾನಾಗಿಯೇ ಸತ್ತಿದೆ, ಕಾಲ ಮುಗಿದಿದೆ. ಸೂಪರ್ ಮಾರ್ಕೆಟ್ ಬಂತು, ಮನೆಮನೆಗೆ ಫ್ರಿಜ್ ಬಂತು, ಜನ ಉಪನಗರಗಳಿಗೆ ಹೋದರು, ಇವೆಲ್ಲ ನಿಜ. ಕಣಿವೆಯ ಹೊಲಗಳನ್ನು ಕಾರ್ಖಾನೆಗಳು ನುಂಗಿದ್ದೂ ನಿಜ. ಇಲ್ಲೊಂದು ವಿಚಿತ್ರ ನೋಡಿ. 1941ರಲ್ಲಿ ಮಾರುಕಟ್ಟೆಯ ಒಡೆಯನಾದ ಜೋ ಡೆಸಿಮೋನೆ ಎಂಬ ಇಟಲಿ ಮೂಲದ ರೈತ, ಅದಕ್ಕೆ ಐದು ವರ್ಷ ಮೊದಲು ತನ್ನ ತರಕಾರಿ ಹೊಲದ ಒಂದು ಭಾಗವನ್ನು ಬೋಯಿಂಗ್‌ಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿಯೇ ಬಿಟ್ಟುಕೊಟ್ಟಿದ್ದ, ಕಂಪನಿ ಊರು ಬಿಡದಿರಲಿ ಎಂದು. ಆದರೂ ಅರ್ಧಕ್ಕಿಂತ ಹೆಚ್ಚು ರೈತರನ್ನು ಬಂದೂಕು ಹಿಡಿದು ಹೊರಗೆ ಕಳಿಸಿದ ಸರ್ಕಾರವೇ ಇಪ್ಪತ್ತು ವರ್ಷದ ಬಳಿಕ ಬಂದು ಇಲ್ಲಿ ರೈತರೇ ಇಲ್ಲವಲ್ಲ ಎನ್ನುವುದಿದೆಯಲ್ಲ, ಅದನ್ನು ಕಾಲದ ತಲೆಗೆ ಕಟ್ಟುವುದು ನ್ಯಾಯವಲ್ಲ.

1963ರಲ್ಲಿ ಹೊರಬಿದ್ದ ಯೋಜನೆಯ ಹೆಸರು ಪೈಕ್ ಪ್ಲಾಜಾ. ಒಂದು ಹೋಟೆಲ್, ವಸತಿ ಕಟ್ಟಡ, ನಾಲ್ಕು ಕಚೇರಿ ಕಟ್ಟಡ, ಐಸ್ ಹಾಕಿ ಕ್ರೀಡಾಂಗಣ, ದೊಡ್ಡದೊಂದು ಪಾರ್ಕಿಂಗ್ ಗ್ಯಾರೇಜು. ಮೇಯರ್, ನಗರಸಭೆಯ ಹಲವರು, ಮಾರುಕಟ್ಟೆಯ ಜಾಗದ ಕೆಲವು ಮಾಲೀಕರು, ಎಲ್ಲ ಅದರ ಪರ. ಅಮೆರಿಕದ ಊರೂರಲ್ಲೂ ಆಗ ನಗರ ನವೀಕರಣದ ಕಾಲ. ಒಂದು ಪ್ರದೇಶವನ್ನು ಹಾಳುಬಿದ್ದದ್ದು ಎಂದು ಘೋಷಿಸಿದರೆ ಕೆಡವಲು ಕೇಂದ್ರದ ಹಣ ಸಿಗುತ್ತಿತ್ತು.

ಮರುವರ್ಷ ಫ್ರೆಂಡ್ಸ್ ಆಫ್ ದಿ ಮಾರ್ಕೆಟ್ ಎಂಬ ಗುಂಪು ಕಟ್ಟಿಕೊಂಡವರಲ್ಲಿ ಮುಂದಾಳು ವಿಕ್ಟರ್ ಸ್ಟೈನ್‌ಬ್ರೂಕ್. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪದ ಪ್ರೊಫೆಸರ್. ಊರಿನ ಗುರುತಾದ ಸ್ಪೇಸ್ ನೀಡಲ್ ಗೋಪುರದ ಸೊಂಟ ಸಣ್ಣಗಾದ ಆ ಆಕಾರದಲ್ಲಿ ಅವರ ಕೈಯಿದೆ. ಆಧುನಿಕ ಕಟ್ಟಡಗಳ ವಿರೋಧಿಯಲ್ಲದವರು ಎಂಬುದು ಇಲ್ಲಿ ಮುಖ್ಯ. ಅವರು ಮಾರುಕಟ್ಟೆಯಲ್ಲಿ ಕೂತು ಸ್ಕೆಚ್ ಹಾಕುತ್ತಿದ್ದರು, ಆ ಸ್ಕೆಚ್‌ಗಳಲ್ಲಿ ಕಟ್ಟಡಕ್ಕಿಂತ ಜನ ಹೆಚ್ಚು: ಚೀಲ ಹಿಡಿದ ಮುದುಕಿಯರು, ಬೆಂಚಿನ ಮೇಲಿನ ನಿವೃತ್ತ ನಾವಿಕರು, ಮಣೆಯ ಹಿಂದಿನ ಮಾರಾಟಗಾರರು. ಚಿತ್ರಕಾರ ಮಾರ್ಕ್ ಟೋಬಿ ಅದಕ್ಕೂ ಮೊದಲೇ ಈ ಮುಖಗಳನ್ನು ಬಿಡಿಸಿದ್ದರು, ಹೋರಾಟಕ್ಕೂ ಬೆಂಬಲ ಕೊಟ್ಟರು.

ಸುತ್ತಲ ಅಗ್ಗದ ಹೋಟೆಲುಗಳಲ್ಲಿ ಒಂದೊಂದು ಕೋಣೆ ಹಿಡಿದು ಬದುಕುತ್ತಿದ್ದ ಬಡ ಮುದುಕರ ಪಾಲಿಗೆ ಈ ಮಾರುಕಟ್ಟೆ ಅಡುಗೆಮನೆಯೂ ಹೌದು, ಹರಟೆಯ ಜಗಲಿಯೂ ಹೌದು. 1970ರ ಮಾರ್ಚ್‌ನಲ್ಲಿ ಓಝಾರ್ಕ್ ಹೋಟೆಲಿಗೆ ಬೆಂಕಿ ಬಿದ್ದು 20 ಜನ ಸತ್ತರು. ಆಮೇಲೆ ನಗರಸಭೆ ಅಗ್ನಿಸುರಕ್ಷೆಯ ಬಿಗಿ ಕಾನೂನು ತಂದಿತು. ಖರ್ಚು ಹೊರಲಾಗದ ಮಾಲೀಕರು ಹೋಟೆಲುಗಳನ್ನೇ ಮುಚ್ಚಿದರು. ಕಾನೂನು ಬೇಕಾಗಿದ್ದೇ, ಆದರೆ ಅದರಿಂದ ಬೀದಿಗೆ ಬಿದ್ದವರು ಅದೇ ಮುದುಕರು. ಮಾರುಕಟ್ಟೆ ಹೋದರೆ ಇವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಪೈಕ್ ಪ್ಲಾಜಾದ ನಕ್ಷೆಯಲ್ಲಿ ಉತ್ತರವಿರಲಿಲ್ಲ.

ಜಗಳ ಎಕರೆಗಳ ಲೆಕ್ಕಕ್ಕೆ ಬಂತು. ಮೊದಲು 17 ಎಕರೆಯನ್ನು ಐತಿಹಾಸಿಕ ಪ್ರದೇಶವೆಂದು ಒಪ್ಪಲಾಗಿತ್ತು. ಒತ್ತಡ ಬಿದ್ದು ಅದು 1.7 ಎಕರೆಗೆ ಕುಗ್ಗಿತು. ನಗರಾಡಳಿತವೂ ನಾವು ಮಾರುಕಟ್ಟೆಯನ್ನು ಉಳಿಸುತ್ತೇವೆ ಎಂದೇ ಹೇಳುತ್ತಿತ್ತು, ಆ ಒಂದೂಮುಕ್ಕಾಲು ಎಕರೆ ತೋರಿಸಿ. ಸುತ್ತ ಗಗನಚುಂಬಿಗಳು, ನಡುವೆ ಷೋಕೇಸಿನ ಬೊಂಬೆಯಂತೆ ಒಂದು ಪಡಸಾಲೆ. ಅಲ್ಲಿ ಬಾಡಿಗೆ ಕಟ್ಟಿ ಸೊಪ್ಪು ಮಾರಲು ಯಾವ ರೈತನಿಗೂ ಆಗುತ್ತಿರಲಿಲ್ಲ. ಗೆಳೆಯರ ಗುಂಪು ಕೊನೆಗೆ ಜನರ ಹತ್ತಿರವೇ ಹೋಗಲು ನಿರ್ಧರಿಸಿತು. ನಾಗರಿಕರೇ ಸಹಿ ಸಂಗ್ರಹಿಸಿ ಕಾನೂನು ಮಂಡಿಸುವ ಅವಕಾಶ ಅಲ್ಲಿದೆ. ಮೂರು ವಾರದಲ್ಲಿ 25 ಸಾವಿರಕ್ಕೂ ಮಿಕ್ಕಿ ಸಹಿ ಬಂದವು. ಏಳು ಎಕರೆ ಎಂದು ಗೆರೆ ಎಳೆದು ಮತಕ್ಕೆ ಹಾಕಿದರು, ಗೆದ್ದರು.

ಈ ಗೆಲುವಿನಲ್ಲಿ ನನಗೆ ಅತಿ ಮುಖ್ಯವೆನಿಸುವುದು ಕಾನೂನಿನ ಒಕ್ಕಣೆ. ಕಟ್ಟಡಗಳ ಜೊತೆಗೆ ಅಲ್ಲಿ ನಡೆಯುವ ಬಳಕೆಯನ್ನೂ ಅದು ಕಾಪಾಡಬೇಕಾದ ವಸ್ತುವಿನ ಪಟ್ಟಿಗೆ ಸೇರಿಸಿತು. ಇದಕ್ಕಾಗಿ 12 ಜನರ ಒಂದು ಐತಿಹಾಸಿಕ ಆಯೋಗ ಬಂತು. ಫ್ರೆಂಡ್ಸ್ ಆಫ್ ದಿ ಮಾರ್ಕೆಟ್, ಅಲೈಡ್ ಆರ್ಟ್ಸ್ ಸಂಸ್ಥೆ, ವಾಸ್ತುಶಿಲ್ಪಿಗಳ ಸಂಘ, ಅಲ್ಲಿನ ನಿವಾಸಿಗಳು, ಜಾಗದ ಮಾಲೀಕರು, ವ್ಯಾಪಾರಿಗಳು, ಪ್ರತಿ ವರ್ಗದಿಂದ ಇಬ್ಬರು. ಅಂಗಡಿಯ ಬೋರ್ಡು ಬದಲಿಸಬೇಕೆ, ಸೊಪ್ಪಿನ ಅಂಗಡಿಯನ್ನು ಟೀ ಶರ್ಟಿನ ಅಂಗಡಿ ಮಾಡಬೇಕೆ, ಆಯೋಗದ ಮುಂದೆ ಅರ್ಜಿ ಹಾಕಿ ಒಪ್ಪಿಗೆಪತ್ರ ಪಡೆಯಬೇಕು. ಸರಣಿ ಅಂಗಡಿಗಳಿಗೆ ಪ್ರವೇಶವಿಲ್ಲ. ವ್ಯಾಪಾರಿಗಳು ಇದನ್ನು ಕಿರಿಕಿರಿ ಎಂದು ಗೊಣಗುವುದುಂಟು, ಗೊಣಗುವುದರಲ್ಲಿ ಅರ್ಥವೂ ಇದೆ. ಆದರೆ ಮುಖಮಂಟಪ ಹಾಗೇ ಉಳಿಸಿ ಒಳಗೆ ದುಬಾರಿ ಬೂಟಿಕ್ ತುಂಬಿದ ಪಾರಂಪರಿಕ ಬೀದಿಗಳು ಜಗತ್ತಿನಲ್ಲಿ ಎಷ್ಟಿವೆ ನೋಡಿ. ಆ ಗತಿ ಇಲ್ಲಿಗೆ ಬಾರದಿದ್ದುದು ಈ ಕಿರಿಕಿರಿಯಿಂದಲೇ.

ನಿಯಮ ಕೆಲಸ ಮಾಡುವುದನ್ನು ನೋಡಬೇಕೆಂದರೆ ಬೆಳಗ್ಗೆ ಬೇಗ ಹೋಗಬೇಕು. ತರಕಾರಿ ಮಣೆಗಳಲ್ಲಿ ಎರಡು ಜಾತಿ. ಎತ್ತರದ ಮಣೆಗಳವರು ಕಾಯಂ ಅಂಗಡಿಯವರು. ಸಗಟು ಕೊಂಡು ತರುತ್ತಾರೆ, ಅನಾನಸನ್ನೂ ಇಡಬಹುದು, ಮಾವನ್ನೂ ಇಡಬಹುದು. ತಗ್ಗಿನ ಮಣೆಗಳು ದಿನಬಾಡಿಗೆಯವು. ಅಲ್ಲಿ ತಾನು ಬೆಳೆದದ್ದನ್ನು ಬಿಟ್ಟು ಬೇರೇನೂ ಮಾರುವಂತಿಲ್ಲ. ಕರಕುಶಲ ವಸ್ತು ಮಾರುವವರಿಗೂ ಅದೇ ಕಟ್ಟಳೆ: ಮಾಡಿದವರೇ ನಿಂತು ಮಾರಬೇಕು. ಮಾರ್ಕೆಟ್ ಮಾಸ್ಟರ್ ಎಂಬ ಅಧಿಕಾರಿ ಬೆಳಗ್ಗೆ ಹಾಜರಿ ಕರೆಯುತ್ತಾನೆ. ರೈತರಿಗೆ ಮೊದಲ ಹಕ್ಕು. ಉಳಿದವರ ಹೆಸರು ಹಿರಿತನದ ಪ್ರಕಾರ. ಹೆಸರು ಬಂದಾಗ ಕೂಗಿ, ಇರುವುದರಲ್ಲಿ ಒಳ್ಳೆಯ ಮಣೆ ಹಿಡಿಯಬೇಕು. ಹೊಸಬನಿಗೆ ಮೂಲೆ. ಬೆಳೆದವರನ್ನು ಕಂಡು ಕೊಳ್ಳಿ ಎಂಬ ಅರ್ಥದ ಹಳೆಯ ಫಲಕ ಮೇಲೆ ತೂಗುತ್ತದೆ, ಕೆಳಗೆ ಅದನ್ನು ಜಾರಿಯಲ್ಲಿಡುವ ಈ ಹಾಜರಿ ಪುಸ್ತಕ.

ತಗ್ಗಿನ ಮಣೆಗಳಲ್ಲಿ ಇವತ್ತು ಎದ್ದು ಕಾಣುವುದು ಹೂವು. ಡೇಲಿಯಾ, ಟ್ಯುಲಿಪ್, ಪಿಯೋನಿ, ಬಿಳಿ ಕಾಗದದಲ್ಲಿ ಸುತ್ತಿದ ದೊಡ್ಡ ದೊಡ್ಡ ಗೊಂಚಲು. ಮಾರುವವರಲ್ಲಿ ಬಹುಪಾಲು ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಮೋಂಗ್ ಜನ. 1980ರ ದಶಕದಲ್ಲಿ ಅವರಿಗಾಗಿ ಶುರುವಾದ ಒಂದು ಕೃಷಿ ಯೋಜನೆಯಿಂದ ಅವರು ಮಾರುಕಟ್ಟೆಗೆ ಬಂದರು. ಜಪಾನೀಯರು ಹೋದ ಮೇಲೆ ಖಾಲಿಯಿದ್ದ ಜಾಗವನ್ನು ಮತ್ತೊಂದು ಯುದ್ಧದ ನಿರಾಶ್ರಿತರು ತುಂಬಿದರು.

ಮತ ಹಾಕಿದರೆ ಕಟ್ಟಡ ಸೋರುವುದು ನಿಲ್ಲುವುದಿಲ್ಲ. ಪ್ರೊಫೆಸರರ ಕಥೆ ಬಿಟ್ಟುಬಿಡುವ ಎರಡನೇ ಅರ್ಧ ಇದು. 1973ರಲ್ಲಿ ನಗರ ಪಿಡಿಎ ಎಂಬ ಸಾರ್ವಜನಿಕ ಪ್ರಾಧಿಕಾರವನ್ನು ಸ್ಥಾಪಿಸಿತು. ಅದೇ ಕಟ್ಟಡಗಳ ಒಡೆತನ ಪಡೆದು ರಿಪೇರಿ ಮಾಡಿಸಿ ಬಾಡಿಗೆಗೆ ಕೊಡತೊಡಗಿತು. ಹಣ ಎಲ್ಲಿಂದ? ಕೆಡವಲೆಂದು ತೆಗೆದಿರಿಸಿದ್ದ ಅದೇ ನಗರ ನವೀಕರಣದ ಕೇಂದ್ರ ಹಣವನ್ನು ಜೀರ್ಣೋದ್ಧಾರಕ್ಕೆ ತಿರುಗಿಸಿದರು. ಸೆನೆಟ್‌ನಲ್ಲಿ ವಾಷಿಂಗ್ಟನ್ ರಾಜ್ಯದ ವಾರೆನ್ ಮ್ಯಾಗ್ನುಸನ್ ಅವರ ಮಾತು ಆಗ ನಡೆಯುತ್ತಿತ್ತು, ಹಣ ಹರಿದುಬಂತು. ವಾಸ್ತುಶಿಲ್ಪಿ ಜಾರ್ಜ್ ಬಾರ್ಥೊಲಿಕ್ ಮುಖ್ಯ ಮಾರುಕಟ್ಟೆಯ ದುರಸ್ತಿ ಮಾಡಿದರು. ಒಳ್ಳೆಯ ದುರಸ್ತಿ, ಏಕೆಂದರೆ ದುರಸ್ತಿಯಾದದ್ದು ಕಾಣುವುದಿಲ್ಲ. ವೃದ್ಧರಿಗೆ ಕಡಿಮೆ ಬಾಡಿಗೆಯ ಮನೆಗಳು, ದವಾಖಾನೆ, ಹಿರಿಯರ ಕೇಂದ್ರ, ಶಿಶುವಿಹಾರ, ಉಚಿತ ದಿನಸಿ ಕೊಡುವ ಫುಡ್ ಬ್ಯಾಂಕ್, ಎಲ್ಲ ಇದೇ ಏಳು ಎಕರೆಯ ಸುತ್ತಮುತ್ತ ಬಂದವು. ಖಾಸಗಿ ಮಾಲೀಕರ ಕೈಯಲ್ಲೇ ಉಳಿದಿದ್ದರೆ ಆಯೋಗ ಎಷ್ಟು ನಿಯಮ ಹಾಕಿದರೂ ಮಾಲೀಕ ಕಟ್ಟಡವನ್ನು ಕೊಳೆಯಲು ಬಿಟ್ಟು ಕಾಯುತ್ತಿದ್ದ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಾಧಿಕಾರವೂ ಎಡವಿತು. ರೀಗನ್ ಕಾಲದಲ್ಲಿ ಕೇಂದ್ರದ ನೆರವು ಬತ್ತಿದಾಗ ಅದು ನ್ಯೂಯಾರ್ಕಿನ ಅರ್ಬನ್ ಗ್ರೂಪ್ ಎಂಬ ಹೂಡಿಕೆದಾರರಿಗೆ ಕಟ್ಟಡಗಳನ್ನು ಕಾಗದದ ಮೇಲೆ ಮಾರಿತು. ಸಾರ್ವಜನಿಕ ಸಂಸ್ಥೆಗೆ ತೆರಿಗೆಯೇ ಇಲ್ಲ, ಹಾಗಾಗಿ ಕಟ್ಟಡ ಹಳತಾದಂತೆ ಬೆಲೆ ಇಳಿಯುವ ಲೆಕ್ಕಕ್ಕೆ ಸಿಗುವ ತೆರಿಗೆ ರಿಯಾಯಿತಿಯಿಂದ, ಅಂದರೆ ಸವಕಳಿಯ ರಿಯಾಯಿತಿಯಿಂದ, ಅದಕ್ಕೆ ಲಾಭವೂ ಇಲ್ಲ, ಖಾಸಗಿಯವರಿಗೆ ಇದೆ. ಆ ರಿಯಾಯಿತಿ ಮಾರಿ ನಗದು ಪಡೆದೆವು ಎಂದುಕೊಂಡರು. 1986ರಲ್ಲಿ ತೆರಿಗೆ ಕಾನೂನು ಬದಲಾಯಿತು, ಲಾಭ ಆವಿಯಾಯಿತು. ಹೂಡಿಕೆದಾರರು ಪತ್ರ ಹಿಡಿದು ನಿಜವಾದ ಒಡೆಯರು ನಾವೇ ಎಂದು ಬಂದರು. ವ್ಯಾಪಾರಿಗಳ ಎದೆ ಹೊಡೆದುಕೊಂಡಿತು. ವರ್ಷಗಟ್ಟಲೆ ಕೋರ್ಟು ಅಲೆದು 1991ರಲ್ಲಿ ರಾಜಿಯಾಗಿ ಮಾರುಕಟ್ಟೆ ಮತ್ತೆ ಊರಿನ ಕೈಗೆ ಬಂತು. ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನು ಕರಾರಿನ ಕಂಡಿಕೆಗಳಲ್ಲಿ ಕಳೆದುಕೊಳ್ಳುವ ಹಂತಕ್ಕೆ ಹೋಗಿದ್ದು ಈ ಪ್ರಕರಣದ ಅತ್ಯಂತ ಕಡಿಮೆ ಹೇಳಲ್ಪಡುವ ಅಧ್ಯಾಯ.

ಆಮೇಲಿನ ಖರ್ಚುಗಳಿಗೆ ಊರೇ ಕೈಹಾಕಿತು. 1980ರ ದಶಕದಲ್ಲಿ ಪಡಸಾಲೆಗೆ ಹೊಸ ನೆಲ ಹಾಕಲು ತಲಾ 35 ಡಾಲರಿಗೆ ಹೆಸರು ಕೆತ್ತಿದ ಹಂಚುಗಳನ್ನು ಮಾರಿದರು. ಬಗ್ಗಿ ನೋಡಿದರೆ ಒಂದರ ಮೇಲೆ ಹೆಸರಿನ ಬದಲು ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳಿವೆ. 1986ರಲ್ಲಿ ಜಾರ್ಜಿಯಾ ಗರ್ಬರ್ ಮಾಡಿದ ರೇಚಲ್ ಎಂಬ ಕಂಚಿನ ಹಂದಿ ಬಂದು ಗಡಿಯಾರದ ಕೆಳಗೆ ನಿಂತಿತು. ಅದು ಹುಂಡಿ. ಮಕ್ಕಳು ಅದರ ಮೇಲೆ ಹತ್ತುತ್ತಾರೆ, ಅಪ್ಪಂದಿರು ಕಾಸು ಹಾಕುತ್ತಾರೆ, ಹಣ ದವಾಖಾನೆ, ಫುಡ್ ಬ್ಯಾಂಕುಗಳಿಗೆ ಹೋಗುತ್ತದೆ. 2008ರ ನವೆಂಬರಿನಲ್ಲಿ, ಬ್ಯಾಂಕುಗಳು ಕುಸಿಯುತ್ತಿದ್ದ ತಿಂಗಳುಗಳಲ್ಲೇ, ಮತದಾರರು ಮಾರುಕಟ್ಟೆಯ ಕೊಳಾಯಿ, ವಿದ್ಯುತ್, ಭೂಕಂಪ ರಕ್ಷಣೆಗೆಂದು 7 ಕೋಟಿ 30 ಲಕ್ಷ ಡಾಲರಿನ ತೆರಿಗೆಗೆ ಒಪ್ಪಿದರು. 1971ರ ಮತಕ್ಕಿಂತ ಇದನ್ನೇ ನಾನು ದೊಡ್ಡದೆನ್ನುತ್ತೇನೆ. ಬೇಡ ಎನ್ನುವುದು ಸುಲಭ, ಬಿಲ್ಲು ಕಟ್ಟುವುದು ಕಷ್ಟ.

ಸರಣಿ ಅಂಗಡಿ ಕೂಡದು ಎಂದೆನಲ್ಲ, ಸ್ಟಾರ್‌ಬಕ್ಸ್ ಇದೆಯಲ್ಲ ಎಂದು ಹೋಗಿಬಂದವರು ಕೇಳುತ್ತಾರೆ. ಇಲ್ಲೇ ಹುಟ್ಟಿದವರಿಗೆ ವಿನಾಯಿತಿ. ಆ ಅಂಗಡಿ 1971ರಲ್ಲಿ ಶುರುವಾದದ್ದು ವೆಸ್ಟರ್ನ್ ಅವೆನ್ಯೂದಲ್ಲಿ, ಹುರಿದ ಬೀಜ ಮಾರಲು. ಲೋಟದ ಕಾಫಿ ಆಮೇಲಿನದು. ಕೆಲವು ವರ್ಷದ ಬಳಿಕ ಈಗಿರುವ 1912, ಪೈಕ್ ಪ್ಲೇಸ್‌ಗೆ ಬಂತು. ಹಾಗಾಗಿ ಮೊದಲ ಸ್ಟಾರ್‌ಬಕ್ಸ್ ಎಂದು ಜನ ಸಾಲು ನಿಲ್ಲುವ ಬಾಗಿಲು ನಿಜಕ್ಕೂ ಮೊದಲ ಬಾಗಿಲಲ್ಲ. ಊರಿಂದ ಬಂದ ಅಪ್ಪ ಅಮ್ಮನನ್ನು ಅಲ್ಲಿ ಮುಕ್ಕಾಲು ಗಂಟೆ ಸಾಲಲ್ಲಿ ನಿಲ್ಲಿಸಿ, ಕೊನೆಗೆ ಅವರಿಂದ ಇದಕ್ಕಿಂತ ನಮ್ಮ ಫಿಲ್ಟರ್ ಕಾಫಿಯೇ ವಾಸಿ ಎನ್ನಿಸಿಕೊಳ್ಳುವುದು ಸಿಯಾಟಲ್ ಕನ್ನಡಿಗರ ಮನೆಗಳಲ್ಲಿ ಬೇಸಿಗೆಯ ಸಂಪ್ರದಾಯವೇ ಆಗಿದೆ.

ಈ ಸಾಲೇ ಇಂದಿನ ತಾಪತ್ರಯ. ವರ್ಷಕ್ಕೆ ಸುಮಾರು ಒಂದು ಕೋಟಿ ಜನ ಬರುತ್ತಾರೆ ಎನ್ನುತ್ತಾರೆ. ಹೋಟೆಲಿನಲ್ಲಿ ತಂಗಿರುವ ಪ್ರವಾಸಿ ಹೂಕೋಸು ಕೊಳ್ಳುವುದಿಲ್ಲ, ಅಡುಗೆಮನೆ ಎಲ್ಲಿದೆ ಅವನಿಗೆ? ಮೀನಿನವರು ಉಪಾಯ ಕಂಡುಕೊಂಡರು. 1965ರಲ್ಲಿ ಜಾನ್ ಯೊಕೊಯಾಮ ಕೊಂಡ ಪೈಕ್ ಪ್ಲೇಸ್ ಫಿಶ್ ಮಾರ್ಕೆಟ್‌ನಲ್ಲಿ ಗಿರಾಕಿ ಆರಿಸಿದ ಸಾಲ್ಮನ್ ಮೀನನ್ನು ಗಲ್ಲಾದಾಚೆಗೆ ಎಸೆಯುವ ಪದ್ಧತಿ ಓಡಾಟ ಉಳಿಸಲೆಂದು ಶುರುವಾದದ್ದು, ಅದೇ ಆಟವಾಗಿ, ಹೆಸರಾಗಿ, ಮೀನು ಐಸ್ ಪೆಟ್ಟಿಗೆಯಲ್ಲಿ ದೇಶದ ಇನ್ನೊಂದು ತುದಿಗೆ ವಿಮಾನದಲ್ಲಿ ಹೋಗುತ್ತದೆ. ಬೀಟ್‌ರೂಟನ್ನು ಹಾಗೆ ಎಸೆದರೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ತರಕಾರಿ ಬೆಳೆಯುವವರಿಗೆ ಬೇಕಿರುವುದು ಸಂಜೆ ಮನೆಗೆ ಹೋಗಿ ಅಡುಗೆ ಮಾಡುವ ಗಿರಾಕಿ. ಆ ಗಿರಾಕಿ ಜನಜಂಗುಳಿ ಕಂಡು ಬೇರೆ ಬಡಾವಣೆಯ ವಾರದ ಸಂತೆಗೆ ಹೋಗುತ್ತಾನೆ.

ಪ್ರಾಧಿಕಾರ ಸುಮ್ಮನೆ ಕೂತಿಲ್ಲ. 2017ರಲ್ಲಿ ಕೊಲ್ಲಿಯ ಕಡೆಗೆ ಮಾರ್ಕೆಟ್‌ಫ್ರಂಟ್ ಎಂಬ ಹೊಸ ಕಟ್ಟಡ ತೆರೆಯಿತು. ಹೊಸ ದಿನಬಾಡಿಗೆ ಮಣೆಗಳ ಜೊತೆಗೆ ವೃದ್ಧರಿಗೆ 40 ಮನೆಗಳೂ ಅದರಲ್ಲಿವೆ. 2019ರಲ್ಲಿ ಕೊಲ್ಲಿಗೂ ಮಾರುಕಟ್ಟೆಗೂ ನಡುವೆ ನಿಂತಿದ್ದ ಎರಡಂತಸ್ತಿನ ಹೆದ್ದಾರಿ ಸೇತುವೆ ಮುಚ್ಚಿ ನೆಲಸಮವಾಯಿತು, 2024ರಲ್ಲಿ ಸಮುದ್ರದಂಡೆಗೆ ಇಳಿಯುವ ಓವರ್‌ಲುಕ್ ವಾಕ್ ಬಂತು. ಅದು ಇನ್ನಷ್ಟು ಪ್ರವಾಸಿಗಳನ್ನೇ ತರುತ್ತದೆ ಎಂಬುದು ಬೇರೆ ಮಾತು. ಈಚಿನ ವಾದ ಕಾರುಗಳ ಮೇಲೆ. 2025ರ ಏಪ್ರಿಲ್‌ನಿಂದ ಪ್ರಯೋಗಾರ್ಥವಾಗಿ ಪೈಕ್ ಪ್ಲೇಸ್ ಬೀದಿಯಲ್ಲಿ ಸಾಮಾನ್ಯ ವಾಹನಗಳನ್ನು ನಿರ್ಬಂಧಿಸಿದರು. ಸರಕು ಇಳಿಸುವವರಿಗೆ, ಅಂಗವಿಕಲರಿಗೆ, ಆರ್ಡರ್ ಒಯ್ಯಲು ಬರುವವರಿಗೆ ಬಿಡುತ್ತಾರೆ. ನಡೆಯುವವರಿಗೆ ಹಿತ. ಆದರೆ ಕಾರು ನಿಲ್ಲಿಸಿ ಐದು ನಿಮಿಷದಲ್ಲಿ ಎರಡು ಚೀಲ ತುಂಬಿಕೊಂಡು ಹೋಗುತ್ತಿದ್ದ ಹಳೇ ಗಿರಾಕಿ ತಪ್ಪಿಹೋದಾನು ಎಂದು ಕೆಲವು ವ್ಯಾಪಾರಿಗಳಿಗೆ ಅಳುಕು. ನಾನಾದರೆ ಈ ಪ್ರಯೋಗವನ್ನು ಫೋಟೊ ತೆಗೆಯುವವರ ತಲೆ ಎಣಿಸಿ ಅಳೆಯುವುದಿಲ್ಲ. ತಗ್ಗಿನ ಮಣೆಯ ರೈತರು ಜನವರಿಯ ಮಂಗಳವಾರ ಎಷ್ಟು ಕಟ್ಟು ಸೊಪ್ಪು ಮಾರಿದರು ಎಂದು ಕೇಳುತ್ತೇನೆ.